ಗೆದ್ದ ಎತ್ತಿನ ಬಾಲ

ಕಾಲ್ಚೆಂಡಾಟದ ತಂಡವೊಂದು ಮೇಲಿಂದ ಮೇಲೆ ಸೋತರೆ ಆಟಗಾರರೆಲ್ಲರನ್ನೂ ಮನೆಗೆ ಕಳುಹಿಸುವಂತಿಲ್ಲ. ತರಬೇತುದಾರನೊಬ್ಬನನ್ನು ಕಳುಹಿಸುವುದು ಸುಲಭ. ಗೆದ್ದರೆ ಅವನೇ ಮಹಾಮೇಧಾವಿ. ಗೆದ್ದ ಎತ್ತಿನ ಬಾಲ ಹಿಡಿಯುವ ಈ ನ್ಯಾಯದಲ್ಲಿ ಸತ್ಯವೆಷ್ಟು ಎಂಬುದನ್ನು ಅರಿಯಲು ಇಂಗ್ಲೆಂಡಿನ ಬ್ರಿಯಾನ್ ಕ್ಲಫ್‌ನ ವೃತ್ತಾಂತ ಒಳ್ಳೆಯ ಒರೆಗಲ್ಲು.

ಕ್ಲಫ್ 1967ರಲ್ಲಿ ಡಾರ್ಬಿ ಕೌಂಟಿ ತಂಡದ ಹೊಣೆ ಹೊತ್ತನು. ಎರಡನೆಯ ದರ್ಜೆಯಲ್ಲಿದ್ದ ಆ ತಂಡ 1972ರಲ್ಲಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನು ಗೆದ್ದಿತು. 1974ರಲ್ಲಿ, ಆ ವರ್ಷದ ಲೀಗ್ ವಿಜೇತರಾದ ಲೀಡ್ಸ್ ಯುನೈಟೆಡ್‌ನವರು ಆತನನ್ನು ಕರೆದುಕೊಂಡರು. ಆಟಗಾರರು ನುರಿತವರು, ಗುರು ಹೆಸರಾಂತವನು, ಇನ್ನೇನು ಬೇಕು? ಆದರೆ ಆರು ಲೀಗ್ ಪಂದ್ಯಗಳಲ್ಲಿ ದೊರೆತದ್ದು ಒಂದೇ ಗೆಲುವು. 44ನೆಯ ದಿನ ಕ್ಲಫ್ ಕೆಲಸ ಕಳೆದುಕೊಂಡನು.

ಲೀಡ್ಸ್‌ನವರ ತೀರ್ಪು ಅವಸರದ್ದೇ ಹೌದು, ಆದರೆ ನಿಷ್ಕಾರಣವಾದದ್ದಲ್ಲ. ಅಲ್ಲಿಗೆ ಹೋಗುವ ಮುನ್ನವೇ ಕ್ಲಫ್ ಆ ತಂಡದ ಒರಟಾಟವನ್ನು ಬಹಿರಂಗವಾಗಿ ಹಳಿದಿದ್ದನು. ಹಿಂದಿನ ಗುರು ಡಾನ್ ರೆವಿಯ ಮೇಲೆ ಆಟಗಾರರಿಗೆ ಅಪಾರ ನಿಷ್ಠೆಯಿತ್ತು. ಡಾರ್ಬಿಯಲ್ಲಿ ಬಲಗೈಯಂತಿದ್ದ ಪೀಟರ್ ಟೇಲರ್ ಈ ಸಲ ಜೊತೆಯಲ್ಲಿ ಬರಲಿಲ್ಲ. ಶಿಷ್ಯರ ವಿಶ್ವಾಸವನ್ನು ಸಂಪಾದಿಸದ ಗುರುವಿನ ವಿದ್ಯೆ ಎಷ್ಟಿದ್ದರೇನು, ಅದು ಬೀಗ ಹಾಕಿದ ಪೆಟ್ಟಿಗೆಯೊಳಗಿನ ಪುಸ್ತಕದಂತೆ.

1975ರ ಜನವರಿಯಲ್ಲಿ ಅದೇ ಕ್ಲಫ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ ಬಂದನು. ಅದು ಆಗ ಎರಡನೆಯ ದರ್ಜೆಯಲ್ಲಿತ್ತು. ಮರುವರ್ಷ ಟೇಲರ್ ಬಂದು ಸೇರಿಕೊಂಡನು. 1977ರಲ್ಲಿ ತಂಡ ಮೊದಲ ದರ್ಜೆಗೆ ಏರಿತು. 1978ರಲ್ಲಿ ಲೀಗ್ ಗೆದ್ದಿತು. 1979 ಮತ್ತು 1980ರಲ್ಲಿ ಸತತವಾಗಿ ಯೂರೋಪಿಯನ್ ಕಪ್ಪನ್ನೇ ತಂದಿತು.

ಕಪ್ಪುಗಳ ಲೆಕ್ಕಕ್ಕಿಂತ ಹೆಚ್ಚು ಮಾತನಾಡುವ ಸಾಕ್ಷಿ ಮತ್ತೊಂದಿದೆ: ಜಾನ್ ರಾಬರ್ಟ್‌ಸನ್. ಕ್ಲಫ್ ಬರುವ ಮೊದಲೇ ಫಾರೆಸ್ಟ್‌ನಲ್ಲಿದ್ದ ಈ ಆಟಗಾರನ ಮೇಲೆ ಯಾರಿಗೂ ದೊಡ್ಡ ಭರವಸೆಯಿರಲಿಲ್ಲ. ಮೈಯಲ್ಲಿ ಬಿಗುವಿಲ್ಲ, ಉಡುಪಿನಲ್ಲಿ ಒಪ್ಪವಿಲ್ಲ, ಓಟದಲ್ಲಿ ವೇಗವೂ ಇಲ್ಲ. ಆದರೆ ಆತನ ಕಾಲಲ್ಲಿ ಚೆಂಡು ಹೇಳಿದಂತೆ ಕೇಳುತ್ತಿತ್ತು. ಕ್ಲಫ್ ಮತ್ತು ಟೇಲರ್ ಆತನನ್ನು ಗದರಿಸಿದರು, ತಿದ್ದಿದರು, ಮೈದಾನದ ನಡುವಿನಿಂದ ಎಡ ಅಂಚಿಗೆ ಸರಿಸಿ ನಿಲ್ಲಿಸಿದರು. 1979ರ ಅಂತಿಮ ಪಂದ್ಯದಲ್ಲಿ ಸ್ವೀಡನ್ನಿನ ಮಾಲ್ಮೋ ತಂಡದ ವಿರುದ್ಧ ಏಕೈಕ ಗೋಲನ್ನು ಹೊಡೆದವನು ಹತ್ತು ಲಕ್ಷ ಪೌಂಡು ಕೊಟ್ಟು ತಂದ ಟ್ರೆವರ್ ಫ್ರಾನ್ಸಿಸ್. ಆ ಚೆಂಡನ್ನು ಆತನ ತಲೆಗೆ ಒದಗಿಸಿದವನು ರಾಬರ್ಟ್‌ಸನ್. ಮರುವರ್ಷ ಹ್ಯಾಂಬರ್ಗ್ ವಿರುದ್ಧದ ಏಕೈಕ ಗೋಲು ರಾಬರ್ಟ್‌ಸನ್‌ನದೇ.

ಜಾಣ ಮಕ್ಕಳನ್ನೇ ಆರಿಸಿ ಸೇರಿಸಿಕೊಂಡ ಶಾಲೆಯಲ್ಲಿ ಎಲ್ಲರೂ ತೇರ್ಗಡೆಯಾದರೆ ಆ ಹಿರಿಮೆಯಲ್ಲಿ ಮುಖ್ಯೋಪಾಧ್ಯಾಯರ ಪಾಲೆಷ್ಟೆಂದು ಹೇಳುವುದು ಕಷ್ಟ. ಹಿಂದಿನ ಬೆಂಚಿನ ಹುಡುಗ ಮುಂದೆ ಬಂದರೆ ಆ ಸಂದೇಹಕ್ಕೆ ಎಡೆಯಿಲ್ಲ. ತರಬೇತುದಾರನ ಮಾತೂ ಹಾಗೆಯೇ. ಹಣವುಳ್ಳ ತಂಡ ಗೆಲ್ಲುವುದಕ್ಕೆ ಹಣವೇ ಅರ್ಧ ಕಾರಣವಿರಬಹುದು. ಆದರೆ ಇದ್ದ ಆಟಗಾರ ಇದ್ದುದಕ್ಕಿಂತ ಮೇಲಾದರೆ ಅಲ್ಲಿ ಕಲಿಸಿದವನ ಕೈ ಕಾಣುತ್ತದೆ.

ಈ ಅಳತೆ ಕ್ಲಫ್‌ನನ್ನು ದೇವರನ್ನಾಗಿಯೂ ಮಾಡುವುದಿಲ್ಲ. ಟೇಲರ್ 1982ರಲ್ಲಿ ಬಿಟ್ಟುಹೋದ ಮೇಲೆ ಯೂರೋಪಿಯನ್ ಕಪ್ ಮತ್ತೆ ಕೈಗೆ ಬರಲಿಲ್ಲ. 1993ರಲ್ಲಿ ಫಾರೆಸ್ಟ್ ಕೆಳದರ್ಜೆಗೆ ಇಳಿಯಿತು, ಕ್ಲಫ್ ನಿವೃತ್ತನಾದನು. ಜೊತೆಗಾರ, ಕಾಲ, ಸ್ಥಳ, ಇವೆಲ್ಲ ಕೂಡಿಬಂದಾಗ ಬೆಳಗಿದ ಪ್ರತಿಭೆ ಅದು.

ಆದುದರಿಂದ ಪಟ್ಟಿಯ ತುದಿಯಲ್ಲಿರುವ ತಂಡದ ಗುರುವನ್ನು ಹೊಗಳುವ ಮುನ್ನ, ಕೊನೆಯಲ್ಲಿರುವ ತಂಡದ ಗುರುವನ್ನು ಹಳಿಯುವ ಮುನ್ನ, ಅವನು ಬಂದಾಗ ಅಲ್ಲಿದ್ದ ಹುಡುಗರು ಈಗ ಹೇಗೆ ಆಡುತ್ತಿದ್ದಾರೆ ಎಂದು ಒಮ್ಮೆ ಕೇಳುವುದು ಲೇಸು.