ವಿಚಾರಣೆಯ ದಿನಕ್ಕಾಗಿ ಕಾದು ಕುಳಿತವರು

ಮದುವೆ, ಗೃಹಪ್ರವೇಶಗಳ ಪ್ರಸಾದದ ಪಂಕ್ತಿಯಲ್ಲಿ ಅಮೆರಿಕದ ಮಾತು ಬಾರದೆ ಇರುವುದು ಈಗ ಅಪರೂಪವೇ ಸರಿ. ಮಗನೋ, ಮಗಳೋ, ಅಳಿಯನೋ ಅಲ್ಲಿ ನೆಲೆಸಿರುವ ಮನೆಗಳು ನಮ್ಮಲ್ಲಿ ಬಹಳವಾಗಿವೆ. ಇಂಥ ಮಾತುಕತೆಯ ನಡುವೆ ಹಿರಿಯರಾರಾದರೂ ಒಂದು ವಾಕ್ಯವನ್ನು ಹೇಳಿಯೇ ಹೇಳುತ್ತಾರೆ: "ಅಲ್ಲಿ ಬಿಡ್ರಿ, ಕೈಕಾಲು ಬಿದ್ದುಹೋದರೂ ಸರ್ಕಾರವೇ ನೋಡಿಕೊಳ್ಳುತ್ತದೆ." ಈ ಮಾತು ಪೂರ್ಣ ಸುಳ್ಳಲ್ಲ. ಆದರೆ ನೋಡಿಕೊಳ್ಳುವುದಕ್ಕೆ ಮೊದಲು ಅಲ್ಲಿನ ಸರ್ಕಾರ ಎಷ್ಟು ಕಾಲ ಕಾಯಿಸುತ್ತದೆ, ಎಷ್ಟು ಜನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ ಎಂಬುದನ್ನು ತಿಳಿದವರು ಕಡಿಮೆ. ಮಕ್ಕಳನ್ನು ಅಲ್ಲಿಗೆ ಕಳುಹಿಸಿರುವ ತಂದೆತಾಯಿಗಳೂ, ಅಲ್ಲಿಯೇ ಕುಳಿತು ಈ ಪುಟವನ್ನು ಓದುತ್ತಿರುವ ಮಕ್ಕಳೂ ಇದನ್ನು ಅರಿತಿರುವುದು ಅವಶ್ಯವೆಂದು ತೋರಿದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಅಧ್ಯಕ್ಷ ರೂಸ್‌ವೆಲ್ಟರು 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಸಹಿ ಹಾಕಿದಾಗ ಅದರಲ್ಲಿ ಅಂಗವೈಕಲ್ಯದ ವಿಮೆ ಇರಲಿಲ್ಲ. ಅದು ಸೇರಿದ್ದು 1956ರಲ್ಲಿ. ದುಡಿಯುವವರ ಸಂಬಳದಿಂದ ಕಡಿತವಾಗುವ ತೆರಿಗೆಯೇ ಅದರ ಮೂಲಧನ. ಆದಾಯವೂ ಆಸ್ತಿಯೂ ಇಲ್ಲದ ವೃದ್ಧರಿಗೆ, ಅಂಧರಿಗೆ, ವಿಕಲಾಂಗರಿಗೆ ಇನ್ನೊಂದು ಯೋಜನೆ 1974ರಲ್ಲಿ ಆರಂಭವಾಯಿತು. ಎರಡಕ್ಕೂ ವೈಕಲ್ಯದ ವ್ಯಾಖ್ಯೆ ಒಂದೇ, ಮತ್ತು ಅದು ಬಹು ಕಠಿಣವಾದದ್ದು. ನಮ್ಮ ದೇಶದ 2016ರ ಕಾಯ್ದೆಯಲ್ಲಿ ಶೇಕಡಾ 40ರಷ್ಟು ವೈಕಲ್ಯವೆಂಬ ಗಡಿಯುಂಟು. ಅಲ್ಲಿ ಇಂಥ ಶೇಕಡಾವಾರು ಲೆಕ್ಕವೇ ಇಲ್ಲ. ಕನಿಷ್ಠ ಹನ್ನೆರಡು ತಿಂಗಳು ಉಳಿಯುವ ಅಥವಾ ಮರಣದಲ್ಲಿ ಕೊನೆಗಾಣುವ ವ್ಯಾಧಿಯಿಂದಾಗಿ ಗಣನೀಯವಾದ ಯಾವ ದುಡಿಮೆಯನ್ನೂ ಮಾಡಲಾಗದು ಎಂದು ವಯಸ್ಕನಾದವನು ರುಜುವಾತುಪಡಿಸಬೇಕು. ಅರ್ಧ ವೈಕಲ್ಯಕ್ಕೆ ಅರ್ಧ ಹಣ ಎಂಬುದಿಲ್ಲ. ಸಿಕ್ಕರೆ ಪೂರ್ಣ, ಇಲ್ಲವಾದರೆ ಶೂನ್ಯ.

ಮೊದಲ ಅರ್ಜಿಯನ್ನು ಆಯಾ ರಾಜ್ಯದ ಕಚೇರಿಯವರು ಕಾಗದಪತ್ರಗಳನ್ನು ನೋಡಿ ತೀರ್ಮಾನಿಸುತ್ತಾರೆ. ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಅರ್ಜಿಗಳು ಮಾತ್ರ ಅಲ್ಲಿ ಮಂಜೂರಾಗುತ್ತವೆ. ತಿರಸ್ಕೃತರಾದವರು ಪುನರ್ಪರಿಶೀಲನೆಗೆ ಬರೆದುಕೊಂಡರೆ ಅಲ್ಲಿ ಗೆಲ್ಲುವವರು ನೂರಕ್ಕೆ ಹದಿನೈದರ ಆಸುಪಾಸು. ಬಹುಜನರು ಮನಸ್ಸು ಮುರಿದು ಕೈಬಿಡುವುದು ಈ ಎರಡು ಮೆಟ್ಟಿಲುಗಳಲ್ಲಿಯೇ. ಮೂರನೆಯ ಮೆಟ್ಟಿಲು ಆಡಳಿತ ನ್ಯಾಯಾಧೀಶರ ಮುಂದಿನ ವಿಚಾರಣೆ. ಅರ್ಜಿದಾರನ ಮಾತನ್ನು ಮನುಷ್ಯನೊಬ್ಬನು ನೇರವಾಗಿ ಕೇಳುವುದು ಸಾಮಾನ್ಯವಾಗಿ ಇಲ್ಲಿಯೇ ಮೊದಲು. ಇಲ್ಲಿ ಗೆಲುವಿನ ಪ್ರಮಾಣ ಸುಮಾರು ಅರ್ಧಕ್ಕೆ ಏರುತ್ತದೆ. 2008ರ ಹೊತ್ತಿಗೆ ಅದು ನೂರಕ್ಕೆ ಅರವತ್ತನ್ನು ದಾಟಿತ್ತು; ಮುಂದಿನ ಎಂಟು ಹತ್ತು ವರ್ಷಗಳಲ್ಲಿ ನಲವತ್ತೈದರ ಸಮೀಪಕ್ಕೆ ಇಳಿದು ಪುನಃ ಏರಿತು. ಎರಡು ಸಲ 'ಇಲ್ಲ' ಎನ್ನಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೂರನೆಯ ಸಲ 'ಹೌದು' ಎನ್ನಿಸಿಕೊಳ್ಳುವರೆಂದರೆ, ಮೊದಲಿನ ಆ ಎರಡು ಪರಿಶೀಲನೆಗಳು ನಡೆದ ರೀತಿಯ ಬಗೆಗೆ ಸಂಶಯ ಬಾರದಿರುವುದೆಂತು?

ಇನ್ನು ಕಾಯುವ ಮಾತು. 2017ರಲ್ಲಿ ವಿಚಾರಣೆಯ ತೀರ್ಪಿಗಾಗಿ ಸರಾಸರಿ ಸುಮಾರು 600 ದಿನ ಕಾಯಬೇಕಾಗಿತ್ತು. ಸಾಲಿನಲ್ಲಿದ್ದ ಪ್ರಕರಣಗಳು ಹತ್ತು ಲಕ್ಷವನ್ನು ಮೀರಿದ್ದವು. ಅನಂತರ ಸಾಲು ಕರಗುತ್ತ ಬಂದು, 2024ರ ಹೊತ್ತಿಗೆ ಸರಾಸರಿ ಒಂದು ವರ್ಷಕ್ಕಿಂತ ಕೆಳಗಿಳಿಯಿತು. ಇದನ್ನು ಕಂಡು ಸಂತೋಷಪಡುವಂತಿಲ್ಲ. 2019ರಲ್ಲಿ ನಾಲ್ಕು ತಿಂಗಳಲ್ಲಿ ಬರುತ್ತಿದ್ದ ಮೊದಲ ಅರ್ಜಿಯ ಉತ್ತರ, 2023-24ರಲ್ಲಿ ಏಳು ತಿಂಗಳನ್ನು ದಾಟಿತು. ಹಿಂದಿನ ಬಾಗಿಲಿನ ಸಾಲು ಮುಂದಿನ ಬಾಗಿಲಿಗೆ ಸರಿಯಿತು, ಅಷ್ಟೆ. ಹೀಗೆ ಕಾಯುವ ಕಾಲದಲ್ಲಿ ದುಡಿಯಲು ಹೊರಟರೆ, "ದುಡಿಯಬಲ್ಲೆಯಲ್ಲ!" ಎಂಬುದೇ ತಿರಸ್ಕಾರಕ್ಕೆ ಕಾರಣವಾಗಬಹುದು. ದುಡಿಯದಿದ್ದರೆ ಮನೆಯ ಕಂತು ಕಟ್ಟುವವರಾರು?

ಅಲ್ಲಿನ ಸಂಸತ್ತಿಗೆ ವರದಿ ಒಪ್ಪಿಸುವ ಸರ್ಕಾರಿ ಹೊಣೆಗಾರಿಕೆ ಕಚೇರಿಯು 2020ರಲ್ಲಿ ಈ ಕಾಯುವಿಕೆಯ ಲೆಕ್ಕವನ್ನು ತೆಗೆಯಿತು. 2008ರಿಂದ 2019ರವರೆಗೆ ಮೇಲ್ಮನವಿ ಸಲ್ಲಿಸಿದ ಸುಮಾರು 90 ಲಕ್ಷ ಜನರಲ್ಲಿ 1,09,725 ಮಂದಿ ಅಂತಿಮ ತೀರ್ಪು ಕೈಸೇರುವ ಮೊದಲೇ ತೀರಿಕೊಂಡಿದ್ದರು. 2014ರಿಂದ 2019ರ ಅವಧಿಯಲ್ಲಿ ಸುಮಾರು 48,000 ಮಂದಿ ದಿವಾಳಿಯೆಂದು ನ್ಯಾಯಾಲಯಕ್ಕೆ ಬರೆದುಕೊಟ್ಟಿದ್ದರು. ಇವರೆಲ್ಲರೂ ತೀರ್ಪು ತಡವಾದ ಕಾರಣದಿಂದಲೇ ಸತ್ತರೆಂದು ಹೇಳಲಾಗದು. ಬಹುಮಂದಿ ಮೊದಲೇ ಬೇನೆಬಿದ್ದವರು. ಆದರೆ ಬೇನೆಬಿದ್ದಿದ್ದೇನೆ ಎಂಬುದೇ ಅವರ ಅರ್ಜಿಯಾಗಿತ್ತಲ್ಲವೆ? ಓದುತ್ತ ಓದುತ್ತ ನನಗೆ ಮುಂದಿನ ಪುಟಕ್ಕೆ ಹೋಗಲು ಕೆಲವು ಹೊತ್ತು ಆಗಲಿಲ್ಲ.

ತೀರ್ಪು ಯಾರ ಕೈಯಲ್ಲಿದೆ ಎಂಬುದೂ ಒಂದು ಅದೃಷ್ಟವೇ. ಅದೇ ಕಚೇರಿಯ 2017ರ ಅಧ್ಯಯನದ ಪ್ರಕಾರ, ಒಂದೇ ಬಗೆಯ ಪ್ರಕರಣವು ಬೇರೆ ಬೇರೆ ನ್ಯಾಯಾಧೀಶರ ಮುಂದೆ ಹೋದರೆ ಮಂಜೂರಾತಿಯ ಪ್ರಮಾಣದಲ್ಲಿ ನೂರಕ್ಕೆ 46ರವರೆಗೂ ಅಂತರ ಬೀಳಬಹುದು. ಪ್ರತಿನಿಧಿಯನ್ನು ಇಟ್ಟುಕೊಂಡವರು ಇಟ್ಟುಕೊಳ್ಳದವರ ಸುಮಾರು ಮೂರು ಪಾಲು ಗೆಲ್ಲುತ್ತಾರೆಂಬುದೂ ಅದರಲ್ಲಿಯೇ ಇದೆ. ಔದಾರ್ಯವೆಲ್ಲವೂ ಧರ್ಮವಲ್ಲ ಎಂಬುದಕ್ಕೆ ವೆಸ್ಟ್ ವರ್ಜೀನಿಯದ ಹಂಟಿಂಗ್ಟನ್‌ನ ನ್ಯಾಯಾಧೀಶ ಡೇವಿಡ್ ಡಾಹರ್ಟಿಯ ನಿದರ್ಶನವಿದೆ. 2010ರ ಆರ್ಥಿಕ ವರ್ಷದಲ್ಲಿ 1,284 ಪ್ರಕರಣಗಳನ್ನು ತೀರ್ಮಾನಿಸಿದ ಆತ, ನಾಲ್ಕನ್ನು ಬಿಟ್ಟು ಉಳಿದೆಲ್ಲವನ್ನೂ ಮಂಜೂರು ಮಾಡಿದ. ಕೆಂಟಕಿಯ ವಕೀಲ ಎರಿಕ್ ಕಾನ್ ಆತನಿಗೆ ಲಂಚ ಕೊಡುತ್ತಿದ್ದುದು ಹೊರಬಿದ್ದು, 2017ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಆ ವಕೀಲನನ್ನು ನಂಬಿದ್ದ ನೂರಾರು ಬಡವರ ಪ್ರಕರಣಗಳನ್ನು ಮತ್ತೆ ತೆರೆಯಲಾಯಿತು; ನಿಜವಾಗಿಯೂ ನಡೆಯಲಾರದವರು ಸಹ ಪುನಃ ಮೊದಲಿನಿಂದ ರುಜುವಾತು ತರಬೇಕಾಯಿತು.

ವಿಚಾರಣೆಯ ಸ್ವರೂಪ ನಮ್ಮ ಕೋರ್ಟು ಕಚೇರಿಗಳಂತಲ್ಲ. ಸಣ್ಣ ಕೋಣೆ, 2020ರಿಂದೀಚೆಗೆ ಅನೇಕ ವೇಳೆ ದೂರವಾಣಿಯಲ್ಲಿಯೋ ವಿಡಿಯೋದಲ್ಲಿಯೋ ನಡೆಯುತ್ತದೆ. ಸರ್ಕಾರದ ಪರವಾಗಿ ವಾದಿಸುವ ವಕೀಲನಿರುವುದಿಲ್ಲ. ಎಷ್ಟು ನಿಮಿಷ ನಿಲ್ಲಬಲ್ಲಿರಿ, ಎಷ್ಟು ತೂಕ ಎತ್ತಬಲ್ಲಿರಿ, ಪಾತ್ರೆ ತೊಳೆಯುವವರು ಯಾರು ಎಂದು ಕೇಳುತ್ತಾರೆ. ಅನಂತರ ಉದ್ಯೋಗ ತಜ್ಞರೊಬ್ಬರು, ಇಂಥವರು ಮಾಡಬಹುದಾದ ಕೆಲಸ ದೇಶದಲ್ಲಿ ಇದೆಯೇ ಎಂದು ಹೇಳುತ್ತಾರೆ. ಅವರು ನೆಚ್ಚಿಕೊಂಡು ಬಂದ ಉದ್ಯೋಗಗಳ ಕೋಶ ಕೊನೆಯ ಬಾರಿ ಪರಿಷ್ಕೃತವಾದದ್ದು 1991ರಲ್ಲಿ! ಕಾಯಿಬೀಜಗಳನ್ನು ಆರಿಸುವವರು, ಲಕೋಟೆಗಳ ಮೇಲೆ ವಿಳಾಸ ಬರೆಯುವವರು ಎಂಬ ಕೆಲಸಗಳನ್ನು ತೋರಿಸಿ, ನೀವು ಇದನ್ನು ಮಾಡಬಲ್ಲಿರಿ ಎಂದು ಅರ್ಜಿಯನ್ನು ತಳ್ಳಿಹಾಕಿದ್ದುಂಟು. ಇಂತಹ ನೂರಕ್ಕೂ ಹೆಚ್ಚು ಹಳೆಯ ಉದ್ಯೋಗಗಳನ್ನು 2024ರಲ್ಲಿ ಬಳಕೆಯಿಂದ ತೆಗೆದರು.

ನಮ್ಮವರು ಎಡವುವ ಒಂದು ಜಾಗವನ್ನು ಇಲ್ಲಿ ಹೇಳಬೇಕು. ಯಾರಾದರೂ "ಹೇಗಿದ್ದೀರಿ?" ಎಂದರೆ, ಬೆನ್ನುಮೂಳೆ ಸೀಳುತ್ತಿದ್ದರೂ "ಪರವಾಗಿಲ್ಲ, ಆರಾಮಾಗಿದ್ದೀವಿ" ಎನ್ನುವುದು ನಮ್ಮ ಸಂಸ್ಕಾರ. ವೈದ್ಯನ ಮುಂದೆಯೂ ಹೀಗೆಯೇ ಅಂದರೆ, ಆತ ಅದನ್ನೇ ತನ್ನ ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತಾನೆ. ವರ್ಷ ಕಳೆದ ಮೇಲೆ ನ್ಯಾಯಾಧೀಶರ ಮುಂದೆ ತೆರೆದುಕೊಳ್ಳುವುದು ಆ ಟಿಪ್ಪಣಿಯೇ. ನೋವನ್ನು ದೊಡ್ಡದು ಮಾಡಿ ಹೇಳುವುದು ಬೇಡ, ಇದ್ದಷ್ಟನ್ನು ಹೇಳಲು ಸಂಕೋಚಪಡಬಾರದು. ಇಂಗ್ಲಿಷಿನಲ್ಲಿ ತಡವರಿಸುವವರು ದುಭಾಷಿಯನ್ನು ಕೇಳಿ ಪಡೆಯಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ವಕೀಲರ ಶುಲ್ಕವೂ ಸಾಮಾನ್ಯವಾಗಿ ಗೆದ್ದ ಮೇಲೆಯೇ, ಬಾಕಿ ಹಣದ ಕಾಲು ಭಾಗವನ್ನು ಮೀರದಂತೆ, ಗರಿಷ್ಠ ಮಿತಿಯೊಳಗೆ ಮುರಿಯಲ್ಪಡುತ್ತದೆ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿ. ವಿಮೆಯ ಹಕ್ಕು ಬರುವುದು ದುಡಿದು ತೆರಿಗೆ ಕಟ್ಟಿದ ವರ್ಷಗಳಿಂದ: ಸಾಮಾನ್ಯವಾಗಿ ಒಟ್ಟು ಹತ್ತು ವರ್ಷ, ಅದರಲ್ಲಿ ಐದು ವರ್ಷ ಈಚಿನ ಹತ್ತರೊಳಗೆ, ಎಳೆಯ ವಯಸ್ಸಿನವರಿಗೆ ಕಡಿಮೆ ಸಾಕು. ಮಗುವಿಗಾಗಿ ನೌಕರಿ ಬಿಟ್ಟ ಸೊಸೆಗೆ ಸುಮಾರು ಐದು ವರ್ಷಗಳಲ್ಲಿ ಈ ಹಕ್ಕು ಕಳೆದುಹೋಗುತ್ತದೆ. ಆ ದಿನಾಂಕದ ನಂತರ ರೋಗ ಬಂದರೆ ಹಿಂದೆ ಕಟ್ಟಿದ ತೆರಿಗೆ ಈ ಕೆಲಸಕ್ಕೆ ಬಾರದು. ತೆರಿಗೆಯನ್ನೇ ಕಟ್ಟದ ವೃದ್ಧ ತಂದೆತಾಯಿಗಳನ್ನು ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಂಡರೆ ಸರ್ಕಾರ ಮಾಸಾಶನ ಕೊಡುತ್ತದೆ ಎಂಬ ಮಾತೂ 1996ರ ಕಾಯ್ದೆಯ ನಂತರ ಬಹುಮಟ್ಟಿಗೆ ನಿಂತುಹೋದ ಮಾತು.

ತಿರಸ್ಕಾರದ ಪತ್ರ ಕೈಸೇರಿದ ದಿನದಿಂದ ಮೇಲ್ಮನವಿಗೆ 60 ದಿನಗಳ ಗಡುವು. ಪತ್ರದ ಮೇಲಿನ ತಾರೀಖಿನಿಂದ ಐದು ದಿನಕ್ಕೆ ಅದು ತಲುಪಿತೆಂದು ಲೆಕ್ಕ ಹಿಡಿಯುತ್ತಾರೆ. ಗಡುವು ತಪ್ಪಿದರೆ, ಸಕಾರಣವನ್ನು ತೋರಿಸಲಾಗದವರು ಬಹುತೇಕ ಹೊಸ ಅರ್ಜಿಯೊಂದಿಗೆ ಮೊದಲ ಬಾಗಿಲಿಗೇ ಹೋಗಿ ನಿಲ್ಲಬೇಕು. ಅಷ್ಟರಲ್ಲಿ ಮೇಲೆ ಹೇಳಿದ ಆ ಐದು ವರ್ಷ ಮುಗಿದಿದ್ದರೆ, ಆ ಬಾಗಿಲೂ ಮುಚ್ಚಿರಬಹುದು. ಲಕೋಟೆಯನ್ನು ಒಡೆದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ಅರವತ್ತನೆಯ ದಿನವನ್ನು ಗುರುತು ಹಾಕಿಡಿ.