ಕೊರಿಯದವರ ಮನೆಗೆ ಹೋಗುವ ಮುನ್ನ

ಕಳೆದ ತಿಂಗಳು ಬೈಲಹೊಂಗಲದ ತಾಯಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಅವರ ಮಗ ದಕ್ಷಿಣ ಕೊರಿಯದ ಸುವೋನ್ ನಗರದಲ್ಲಿ ಎಂಜಿನಿಯರ್. ಸೊಸೆಯ ಬಾಣಂತನಕ್ಕೆಂದು ತಾಯಿ ಮೊದಲ ಬಾರಿಗೆ ವಿಮಾನ ಏರಲಿದ್ದಾರೆ. ಅವರು ಬಂದೊಡನೆ ಊಟಕ್ಕೆ ಕರೆತರಬೇಕೆಂದು ಮಗನ ಮೇಲಧಿಕಾರಿ ಆಹ್ವಾನಿಸಿದ್ದಾರಂತೆ.

“ಅಣ್ಣಾರ, ಅಲ್ಲಿ ಅಡಗು ಇಲ್ಲದ ಊಟಾನ ಇಲ್ಲಂತ. ಕುಡಿಯಾಕೂ ಕೊಡ್ತಾರಂತ. ಒಲ್ಲೆ ಅಂದ್ರ ಮಗನ ನೌಕರಿಗೆ ಕುತ್ತು ಬರತೈತೇನ್ರಿ? ಕೊರಳಾಗಿನ ಲಿಂಗಕ್ಕ ನಾ ಏನು ಹೇಳ್ಲಿ?” ಎಂದರು.

ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಆ ದೇಶವನ್ನು ಕಂಡು ಬಂದವನೆಂಬ ಒಂದೇ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬಂದಿತು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಹೊರನಾಡಿನಲ್ಲಿ ದುಡಿಯುತ್ತಿರುವುದರಿಂದ ಆ ತಾಯಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ.

ಮೊದಲಿಗೆ ಸಮಾಧಾನದ ಮಾತು. ಕೊರಿಯದವರ ಮರ್ಯಾದೆಯ ಅರ್ಧಭಾಗ ನಮ್ಮ ಹಿರಿಯರು ಕಲಿಸಿದ್ದೇ ಆಗಿದೆ. ಪಾದರಕ್ಷೆಯನ್ನು ಬಾಗಿಲಲ್ಲಿ ಬಿಡಬೇಕು. ಹಿರಿಯರು ಬಂದರೆ ಏಳಬೇಕು. ಕೊಡುವುದನ್ನೂ ಕೊಳ್ಳುವುದನ್ನೂ ಎರಡು ಕೈಗಳಿಂದ ಮಾಡಬೇಕು. ಪ್ರಸಾದಕ್ಕೆ ಕೈಯೊಡ್ಡಿ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿಯೂ ಅಪಚಾರ. ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ; ಬೇಸರಿಸಬಾರದು. ನೀನು, ನೀವು, ತಾವು ಎಂಬ ಭೇದ ನಮ್ಮಲ್ಲಿರುವಂತೆ ಅವರ ಭಾಷೆಯಲ್ಲಿಯೂ ಮಾತಿನ ಮೆಟ್ಟಿಲುಗಳಿವೆ. ಎದುರಿನವರ ವಯಸ್ಸು ತಿಳಿಯದೆ ಯಾವ ಮೆಟ್ಟಿಲಲ್ಲಿ ನಿಂತು ಮಾತನಾಡಬೇಕೆಂಬುದು ಅವರಿಗೆ ತೋಚದು. ಹುಟ್ಟಿದ ಕೂಸಿಗೆ ಒಂದು ವರ್ಷವೆಂದು ಎಣಿಸುವ ಹಳೆಯ ಪದ್ಧತಿ ಅಲ್ಲಿತ್ತು. 2023ರ ಜೂನ್‌ನಿಂದ ಕಾನೂನು ವ್ಯವಹಾರಗಳಲ್ಲಿ ನಮ್ಮಂತೆಯೇ ಎಣಿಸುತ್ತಾರೆ.

ತೊಡಕಿರುವುದು ನಮ್ಮ ಒಳ್ಳೆಯ ನಡೆಯೇ ಅಲ್ಲಿ ಬೇರೆ ಅರ್ಥ ಪಡೆಯುವಲ್ಲಿ. ನನ್ನದೇ ತಪ್ಪನ್ನು ಹೇಳುತ್ತೇನೆ. ಮಗಳ ನೆರೆಮನೆಯಲ್ಲಿ ಮದುವೆಯಿತ್ತು. ಅಲ್ಲಿ ಮುಯ್ಯಿಯ ಹಣವನ್ನು ಬಿಳಿಯ ಲಕೋಟೆಯಲ್ಲಿಟ್ಟು ಕೊಡುವುದು ರೂಢಿ. ನಮ್ಮಲ್ಲಿ ಲಗ್ನಪತ್ರಿಕೆಯಲ್ಲಿ ಕೆಂಪಕ್ಷರವೇ ಮಂಗಳವೆಂದು ನಾನು ಕೆಂಪು ಪೆನ್ನಿನಿಂದ ವಧೂವರರ ಹೆಸರನ್ನು ಅಂದವಾಗಿ ಬರೆದೆ. ಅದನ್ನು ನೋಡಿದ ಮಗಳು ಬೆಚ್ಚಿಬಿದ್ದಳು. ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಯುವುದು ಅಲ್ಲಿ ಸಾವನ್ನು ಕರೆದಂತೆ. ಲಕೋಟೆಯನ್ನು ಹರಿದು ಬೇರೆಯದನ್ನು ಕಪ್ಪು ಶಾಯಿಯಲ್ಲಿ ಬರೆದೆವು. ನಾಲ್ಕು ಎಂಬ ಸಂಖ್ಯೆಯೂ ಹಾಗೆಯೇ. ಅದರ ಉಚ್ಚಾರ ಸಾವು ಎಂಬರ್ಥದ ಶಬ್ದದಂತೆಯೇ ಇರುವುದರಿಂದ ಕೆಲವು ಕಟ್ಟಡಗಳ ಲಿಫ್ಟಿನಲ್ಲಿ 4ರ ಬದಲು ಇಂಗ್ಲಿಷಿನ ‘ಎಫ್’ ಅಕ್ಷರವಿರುತ್ತದೆ. ಬೆಳಗಾವಿಯ ಕುಂದಾ ಒಯ್ಯುವವರು ನಾಲ್ಕು ಡಬ್ಬಿ ಕೊಡದೆ ಮೂರೋ ಐದೋ ಕೊಟ್ಟರೆ ಲೇಸು. ಕೊಟ್ಟದ್ದನ್ನು ಎದುರಿಗೇ ಬಿಚ್ಚಲಿಲ್ಲವೆಂದು ನೊಂದುಕೊಳ್ಳಬಾರದು.

ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಬರಿಗಾಲಲ್ಲಿ ಒಳಗೆ ಹೋಗುವುದು ನಮಗೆ ಮಡಿ, ಅಲ್ಲಿ ಹಿರಿಯರ ಮುಂದೆ ಕಾಲುಚೀಲವೇ ಮರ್ಯಾದೆ. ಕಾಲು ಮುಟ್ಟಿ ನಮಸ್ಕರಿಸಲು ಹೋದರೆ ಅವರು ಗಾಬರಿಯಾದಾರು. ಸೊಂಟ ಬಾಗಿಸಿ ವಂದಿಸಿದರೆ ಸಾಕು.

ಇನ್ನು ಊಟ. ಆ ತಾಯಿಯ ಅಂಜಿಕೆ ಇದ್ದದ್ದು ಇಲ್ಲಿಯೇ. ಹಿರಿಯರು ಚಮಚ ಎತ್ತುವವರೆಗೆ ಕಾಯಬೇಕು. ಅನ್ನಕ್ಕೂ ಸಾರಿಗೂ ಚಮಚ, ಪಲ್ಯಗಳಿಗೆ ಕಡ್ಡಿ. ಚಮಚವನ್ನಾಗಲಿ ಕಡ್ಡಿಗಳನ್ನಾಗಲಿ ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಗತಿಸಿದ ಹಿರಿಯರಿಗೆ ಎಡೆ ಇಡುವ ರೀತಿ. ಖಾರಕ್ಕೆ ಮೂಗು ಸೋರಿದರೆ ಪಂಕ್ತಿಯಿಂದ ಎದ್ದು ಹೊರಗೆ ಹೋಗಿ ಸೀನಬೇಕು. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರಿಗೆ ಆ ಪ್ರಸಂಗ ಬಾರದೆಂದು ತಿಳಿಯಬೇಡಿ, ನನಗೆ ಬಂದಿತ್ತು.

ಅಡಗು ಬೇಡವೆಂದು ಊಟದ ಮುಂದೆ ಕುಳಿತು ಹೇಳುವುದೇ ತಪ್ಪು. ಮನೆಯೊಡತಿ ದಿನವಿಡೀ ಬೇಯಿಸಿದ್ದನ್ನು ಆಗ ನಿರಾಕರಿಸಿದರೆ ಅವಳ ಮುಖ ಬಾಡುತ್ತದೆ. ಮೂರು ನಾಲ್ಕು ದಿನ ಮೊದಲೇ ಮಗ ತಿಳಿಸಬೇಕು. ‘ಮಾಂಸ ಬೇಡ’ ಎಂದಷ್ಟೇ ತಿಳಿಸಿದರೆ ಸಾಲದು, ಏಕೆಂದರೆ ಅಲ್ಲಿ ಅನೇಕರು ಮೀನನ್ನು ಮಾಂಸವೆಂದು ಎಣಿಸುವುದಿಲ್ಲ. ಸಾರಿನ ನೀರನ್ನೇ ಒಣಮೀನಿನಿಂದ ಕುದಿಸುತ್ತಾರೆ. ಕಿಮ್ಚಿಯೆಂಬ ಎಲೆಕೋಸಿನ ಉಪ್ಪಿನಕಾಯಿಗೆ ಸಾಮಾನ್ಯವಾಗಿ ಉಪ್ಪುಸೀಗಡಿ ಅಥವಾ ಮೀನಿನ ರಸ ಸೇರಿರುತ್ತದೆ. ಆದುದರಿಂದ ಮಾಂಸ, ಮೀನು, ಸೀಗಡಿ, ತತ್ತಿ, ಅವುಗಳ ರಸ ಎಂದು ಒಂದೊಂದನ್ನೂ ಹೆಸರಿಸಿ ಕೊರಿಯನ್ ಲಿಪಿಯಲ್ಲಿ ಚೀಟಿ ಬರೆಸಿ ಇಟ್ಟುಕೊಳ್ಳಬೇಕು. ಧರ್ಮಕ್ಕಾಗಿ ಅಡಗು ಬಿಡುವುದು ಅವರಿಗೆ ಅರಿಯದ ಮಾತೇನಲ್ಲ. ಅಲ್ಲಿಯ ಬೌದ್ಧ ಮಠಗಳ ಅಡುಗೆಯಲ್ಲಿ ಅಡಗಷ್ಟೇ ಅಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳೂ ಇರುವುದಿಲ್ಲ. ‘ಮಠದ ಊಟದಂತೆ’ ಎಂದರೆ ಮನೆಯವರು ತಟ್ಟನೆ ತಿಳಿದುಕೊಳ್ಳುತ್ತಾರೆ.

ಮದ್ಯದ ಸಂಗತಿ ಇನ್ನೂ ಸೂಕ್ಷ್ಮ. ಹಿರಿಯರು ನೀಡಿದ ಲೋಟವನ್ನು ಕೈಯಿಂದ ತಳ್ಳುವುದು ಅವರನ್ನೇ ತಳ್ಳಿದಂತೆ. ಅದನ್ನೂ ಮೊದಲೇ ತಿಳಿಸಿ, ಊಟಕ್ಕೆ ಕುಳಿತಾಗ ಖಾಲಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ನೀರನ್ನೋ ಸಿಹಿ ಸೋಡಾವನ್ನೋ ಬೇಡಬೇಕು. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳದೆ ಒಬ್ಬರಿಗೊಬ್ಬರು ಸುರಿಯುವುದು ಅಲ್ಲಿಯ ಪದ್ಧತಿ. ಆದುದರಿಂದ ಪಕ್ಕದ ಹಿರಿಯರಿಗೆ ನೀವೂ ನೀರು ಸುರಿಯಿರಿ, ಬಲಗೈಗೆ ಎಡಗೈ ಆಸರೆ ಕೊಟ್ಟು. ಮದ್ಯವನ್ನೇ ಸುರಿದು ಕೊಡಬೇಕೆಂಬ ಕಟ್ಟಳೆಯೇನಿಲ್ಲ. ಮೇಲಧಿಕಾರಿಯ ಮನ ಕಾಯಲು ತುಟಿಗೆ ಸೋಕಿಸಿದರೇನು ಎಂದು ಕೆಲವರು ಬುದ್ಧಿ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಮೊದಲ ದಿನ ಸೋಕಿಸಿದವರಿಗೆ ಎರಡನೆಯ ದಿನ ಬೇಡವೆನ್ನುವುದು ಇನ್ನಷ್ಟು ಕಠಿಣ.

ಸಾರ್ವಜನಿಕ ಸ್ನಾನಗೃಹಗಳಿಗೆ ಪ್ರೀತಿಯಿಂದ ಕರೆದೊಯ್ಯುವುದುಂಟು. ಅಲ್ಲಿ ಗಂಡಸರು ಹೆಂಗಸರು ಬೇರೆಯಾದರೂ ಮೈಮೇಲೆ ಒಂದೆಳೆಯೂ ಇಲ್ಲದೆ ಇಳಿಯಬೇಕು. ಇಷ್ಟಲಿಂಗಧಾರಿಗಳು ಈ ಆಹ್ವಾನವನ್ನು ನಯವಾಗಿ ಬಿಡುವುದೇ ಸರಿ.

ಗ್ಯೊಂಗ್ಜು ಎಂಬ ಹಳೆಯ ರಾಜಧಾನಿಯಲ್ಲಿ ಹಸಿರು ಹುಲ್ಲಿನ ದಿಬ್ಬಗಳಿವೆ. ಮಕ್ಕಳು ಏರಿ ಆಡಲು ಹಾತೊರೆಯುತ್ತಾರೆ; ಬಿಡಬಾರದು, ಅವು ಅರಸರ ಸಮಾಧಿಗಳು. ಈಗ ದಹನವೇ ಹೆಚ್ಚಾಗಿದ್ದರೂ, ಹಿರಿಯರನ್ನು ಮಣ್ಣಲ್ಲಿಟ್ಟು ಅದರ ಮೇಲೆ ದಿಬ್ಬ ಕಟ್ಟಿ, ಚುಸೊಕ್ ಹಬ್ಬದ ಹೊತ್ತಿಗೆ ಹುಲ್ಲು ಸವರಿ ನಮಿಸುವ ಪದ್ಧತಿ ಅವರಲ್ಲಿದೆ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾದ ರಾಣಿ ಚೆನ್ನಮ್ಮನವರ ಸಮಾಧಿಗೆ ಹೂವೇರಿಸುವ ನಮಗೆ ಇದು ಹೊಸದೇನೂ ಅಲ್ಲ.

ಇಷ್ಟನ್ನು ಕೇಳಿ ಆ ತಾಯಿ ನಮ್ಮ ಮನೆಯಲ್ಲಿಯೇ ಕುಳಿತು ಮಗನಿಗೆ ಫೋನ್ ಮಾಡಿಸಿದರು. ಅವನು ಚೀಟಿ ಬರೆದು ಅಧಿಕಾರಿಗೆ ಕಳಿಸಿದನಂತೆ. ಎರಡು ದಿನಗಳಲ್ಲಿ ಅಧಿಕಾರಿಯ ಪತ್ನಿಯಿಂದಲೇ ಉತ್ತರ ಬಂದಿತು: ಅಣಬೆ ನಡೆಯುತ್ತದೆಯೇ, ನಿಮ್ಮ ತಾಯಿಗೆ ನೆಲದ ಮೇಲೆ ಕುಳಿತು ಉಣ್ಣುವ ರೂಢಿ ಇದೆಯೇ? ತಾಯಿ ಮರುದಿನ ಪೇಟೆಗೆ ಹೋಗಿ ಎರಡು ಜೊತೆ ಕಾಲುಚೀಲ ಕೊಂಡರು.