ನಡೆಯದ ಪರೀಕ್ಷೆಗೆ ಪಾಸ್ ಬೇಡ

ಮಕ್ಕಳೇ, ಮೊಬೈಲ್‌ನಲ್ಲಿ 'ಸ್ತ್ರೀ' ಅಂತ ಟೈಪ್ ಮಾಡಿ ನೋಡಿ. ಸ, ತ, ರ ಮೂರು ವ್ಯಂಜನ, ಮೇಲೆ ಈಕಾರ. ಇವನ್ನೆಲ್ಲ ಸರಿಯಾದ ಜಾಗದಲ್ಲಿ ಕೂಡಿಸಿ ಒತ್ತಕ್ಷರ ಮಾಡುವ ಕೆಲಸ ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ್ದು. ಅದನ್ನು ಹಲವರು ತಿದ್ದುತ್ತಾ ಇರ್ತಾರೆ.

ಒಬ್ಬರು ತಿದ್ದಿದ್ದು ಇನ್ನೊಂದನ್ನು ಕೆಡಿಸಬಾರದಲ್ಲ? ಅದಕ್ಕೇ ತಿದ್ದುಪಡಿ ಬಂದಾಗಲೆಲ್ಲ ಬೇರೊಂದು ಕಂಪ್ಯೂಟರ್ ತಾನಾಗಿಯೇ ತಂತ್ರಾಂಶವನ್ನು ಹೊಸದಾಗಿ ಕಟ್ಟಿ, ಪರೀಕ್ಷಿಸಿ ನೋಡುತ್ತೆ. ಇದು ಕಂಟಿನ್ಯೂಯಸ್ ಇಂಟಿಗ್ರೇಷನ್, ಚಿಕ್ಕದಾಗಿ ಸಿಐ. ಅಲ್ಲಿ ಏನೇನು ಮಾಡಬೇಕು ಅನ್ನೋ ಆಜ್ಞೆಗಳ ಪಟ್ಟಿಯೇ ಬಿಲ್ಡ್ ಸ್ಕ್ರಿಪ್ಟ್.

ಎಲ್ಲ ಆಜ್ಞೆಯೂ ಎಲ್ಲ ಸಲ ಬೇಕಿಲ್ಲ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ 'ಸಿಐ' ಎಂಬ ಚರಾಕ್ಷರಕ್ಕೆ 'ಟ್ರೂ' ಎಂಬ ಬೆಲೆ ಇರುತ್ತೆ. ತಾನು ಓಡ್ತಿರೋದು ಸಿಐನಲ್ಲೋ ಮನೆಯ ಕಂಪ್ಯೂಟರ್‌ನಲ್ಲೋ ಅಂತ ಸ್ಕ್ರಿಪ್ಟ್ ಅದರಿಂದ ತಿಳಿಯಬಹುದು. ಸಿಐ ಆದರೆ ಪ್ರಶ್ನೆ ಕೇಳಿ ಕಾಯಬೇಡ, ಉತ್ತರ ಕೊಡೋಕೆ ಅಲ್ಲಿ ಮನುಷ್ಯರಿಲ್ಲ. ಹೊಸ ಆವೃತ್ತಿಯ ಗುರುತು ಇದ್ದರೆ ಮಾತ್ರ ಬಿಡುಗಡೆ ಮಾಡು. ಇವು ಒಳ್ಳೆಯ ಷರತ್ತುಗಳು. ಸಮಯವೂ ವಿದ್ಯುತ್ತೂ ಉಳಿಯುತ್ತೆ.

ನನ್ನ ತಕರಾರು ಪರೀಕ್ಷೆಗೇ ಷರತ್ತು ಹಾಕೋದರ ಬಗ್ಗೆ. ಗಿಟ್‌ಹಬ್‌ನಲ್ಲಿ 'ಇಫ್' ಷರತ್ತಿನಿಂದಾಗಿ ನಡೆಯದೇ ಉಳಿದ ಕೆಲಸವೂ 'ಯಶಸ್ವಿ' ಎಂದೇ ವರದಿಯಾಗುತ್ತೆ. ಅದು ಕಡ್ಡಾಯ ಪರೀಕ್ಷೆಯಾಗಿದ್ದರೂ ತಿದ್ದುಪಡಿಯನ್ನು ತಡೆಯೋದಿಲ್ಲ. ಆದವಾನಿ ಮಾರ್ಕೆಟ್ ಯಾರ್ಡ್‌ನಲ್ಲಿ ತೇವ ಅಳೆಯದ ಹತ್ತಿಗೆ 'ಒಣಗಿದೆ' ಅಂತ ಚೀಟಿ ಕೊಟ್ಟರೆ ಒಪ್ಪುತ್ತೇವಾ?

'ಇದು ತೆಲುಗಿಗಾಗಿ ಮಾಡಿದ ತಿದ್ದುಪಡಿ, ಕನ್ನಡದ ಪರೀಕ್ಷೆ ಯಾಕೆ?' ಅಂತ ಯಾರಾದರೂ ಕೇಳಬಹುದು. ಆದರೆ ಹಾರ್ಫ್‌ಬಜ್‌ನಲ್ಲಿ ತೆಲುಗು, ಕನ್ನಡ, ದೇವನಾಗರಿ ಮೂರನ್ನೂ ನೋಡಿಕೊಳ್ಳೋದು ಒಂದೇ ಇಂಡಿಕ್ ವಿಭಾಗ. ಅಲ್ಲಿ ಒಂದು ಸಾಲು ತಪ್ಪಿದರೆ ನಮ್ಮ ಒತ್ತಕ್ಷರವೂ ಚದುರಬಹುದು. ತೆಲುಗಿನ ಮಗ್ಗುಲಲ್ಲೇ ಕನ್ನಡ ಓದುವ ನಿಮಗೆ ಇದು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾದೀತು. ಬಳಸುವವರು ಕಡಿಮೆ ಅಂತ ಒಂದು ಭಾಷೆಯ ಪರೀಕ್ಷೆ ಬಿಟ್ಟರೆ, ಕೆಟ್ಟಿದ್ದು ಗೊತ್ತಾಗೋದು ಆ ಭಾಷೆಯ ಮಗು ಪಾಠ ಓದುವಾಗಲೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಷರತ್ತು ಬಿಡುಗಡೆಗಿರಲಿ, ಪರೀಕ್ಷೆಗೆ ಬೇಡ. ಪರೀಕ್ಷೆಗೂ ಹಾಕಲೇಬೇಕಾಗಿ ಬಂದರೆ, ಅನುಮಾನ ಇದ್ದಾಗ ಪರೀಕ್ಷೆ ನಡೆಯುವ ಹಾಗೆಯೇ ಬರೆಯಬೇಕು. ಕಂಪ್ಯೂಟರ್ ಲ್ಯಾಬಿನಲ್ಲಿ ನೀವು 'ಇಫ್' ಬರೆದಾಗಲೆಲ್ಲ ಕೇಳಿಕೊಳ್ಳಿ: ಈ ಷರತ್ತು ಸುಳ್ಳಾದರೆ ಯಾವುದು ನೋಡದೇ ಉಳಿಯುತ್ತೆ?